ದಿನಕ್ಕೆ ಒಂದು ಮಿಲಿಮೀಟರ್: ಆರೋಗ್ಯಾಧಿಕಾರಿಗಳಿಗೂ ಅಡಿಕೆ ಸಂಘಗಳಿಗೂ ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ
ಹಾಗೂ
ಮಲೆನಾಡಿನ ಅಡಿಕೆ ಸಹಕಾರ ಸಂಘಗಳ ಅಧ್ಯಕ್ಷರು ಮತ್ತು ನಿರ್ದೇಶಕರು

ಮಾನ್ಯರೇ,

ನಾನು ಹೊಸನಗರ ತಾಲ್ಲೂಕಿನವಳು. 29 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಈ ಪತ್ರ ನನ್ನ ತಮ್ಮನ ಬಲಗೈ ಬಗ್ಗೆ, ಅದರಲ್ಲಿ ತುಂಡಾದ ಒಂದು ನರದ ಬಗ್ಗೆ. ಅವನ ಕೈ ಇನ್ನು ಮೊದಲಿನ ಹಾಗೆ ಆಗುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಮತ್ತೆ ಶುರುವಾಗುತ್ತದೆ, ಮತ್ತೆ ಯಾರದ್ದೋ ಕೈಗೆ ಕತ್ತಿ ತಗಲುತ್ತದೆ.

ತಮ್ಮನಿಗೆ ಒಂದೂವರೆ ಎಕರೆ ತೋಟ. ಅದರ ಜೊತೆಗೆ ಊರಿನವರ ತೋಟದಲ್ಲಿ ಕೊನೆ ಕೊಯ್ಯುವ ಕೆಲಸ. ಈಗ ನೆಲದಲ್ಲೇ ನಿಂತು ಕೊಯ್ಯುವ ಉದ್ದನೆಯ ಫೈಬರ್ ದೋಟಿ ಬಂದು ಮರ ಹತ್ತುವವರು ಕಡಿಮೆಯಾಗಿದ್ದಾರೆ, ನಿಜ. ಆದರೆ ಹಳೆ ತೋಟದ ಎತ್ತರದ ಮರಗಳಿಗೆ, ದರೆ ಅಂಚಿನ ಮರಗಳಿಗೆ ಇನ್ನೂ ಮನುಷ್ಯನೇ ಬೇಕು. ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಇಬ್ಬನಿಗೆ ಒದ್ದೆಯಾದ ಮರದಲ್ಲಿ ಅವನ ಕಾಲು ಜಾರಿತು. ಸುಮಾರು ಹತ್ತಡಿಯಿಂದ ಬಿದ್ದ. ಮೂಳೆ ಮುರಿಯಲಿಲ್ಲ. ಸೊಂಟದಲ್ಲಿದ್ದ ಕತ್ತಿ ಮಾತ್ರ ಬಲ ಮೊಣಕೈಯ ಒಳಗಡೆ ಕೊಯ್ದಿತ್ತು. ಎರಡಿಂಚಿನ ಗಾಯ. "ಏನಿಲ್ಲ ಅಕ್ಕ, ಬರೀ ಗಾಯ" ಅಂತ ಫೋನಿನಲ್ಲಿ ನಕ್ಕ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾವ ಆಸ್ಪತ್ರೆ, ಯಾವ ಡಾಕ್ಟರು ಅಂತ ಇಲ್ಲಿ ಬರೆಯುವುದಿಲ್ಲ. ಅವತ್ತು ಅಲ್ಲಿ ಒಬ್ಬರೇ ಡಾಕ್ಟರು ಇದ್ದರು, ಹೊರಗೆ ಬಾಗಿಲವರೆಗೂ ಜನ. ಗಾಯ ತೊಳೆದರು, ಏಳು ಹೊಲಿಗೆ ಹಾಕಿದರು, ಟಿಟಿ ಚುಚ್ಚಿದರು. ತಮ್ಮ ಹೇಳಿದ: "ಡಾಕ್ಟ್ರೇ, ಕಿರುಬೆರಳು ಮರಗಟ್ಟಿದ ಹಾಗಿದೆ." ಅವರು "ಊತ ಇಳಿದ ಮೇಲೆ ಸರಿಹೋಗುತ್ತೆ" ಅಂದರು. ಚೀಟಿಯಲ್ಲಿ ಬೆರಳಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಇಡೀ ಪತ್ರ ಓದಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಈ ಒಂದು ಪ್ಯಾರಾ ಎರಡು ಸಲ ಓದಿ.

ಊತ ಇಳಿಯಿತು. ಬೆರಳು ಸರಿಹೋಗಲಿಲ್ಲ. ಮೆಟ್ಟುಗತ್ತಿ ಮುಂದೆ ಸುಲಿಯಲು ಕೂತರೆ ಅಡಿಕೆ ಕೈಯಿಂದ ಜಾರುತ್ತಿತ್ತು. ಅಂಗಿ ಗುಂಡಿ ಹಾಕಲು ಆಗುತ್ತಿರಲಿಲ್ಲ. ಸಾರನ್ನ ಕಲಸಿದರೆ ಬೆರಳ ಸಂದಿಯಿಂದ ಸೋರುತ್ತಿತ್ತು, ಬೆರಳುಗಳು ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ. ಒಂದೆರಡು ತಿಂಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಇಂಗಿ ಗುಳಿ ಬಿತ್ತು. ಅಂಗೈ ಹಿಂಭಾಗದಲ್ಲಿ ಮೂಳೆಗಳ ಸಾಲು ಎದ್ದು ಕಾಣತೊಡಗಿತು. ಕಿರುಬೆರಳು, ಉಂಗುರಬೆರಳು ಕೊಕ್ಕೆಯ ಹಾಗೆ ಮಡಚಿಕೊಂಡವು.

ನಾವು ಸುಮ್ನೆ ಕೂತಿರಲಿಲ್ಲ. ಕೆಂಪು ಇಂಜೆಕ್ಷನ್ ಹಾಕಿಸಿದೆವು. ಅದು ಬಿ12 ವಿಟಮಿನ್. ಅದರ ಕೊರತೆ ಇದ್ದವರಿಗೆ ಒಳ್ಳೆ ಔಷಧಿ. ಆದರೆ ತುಂಡಾದ ನರದ ಎರಡು ತುದಿಗಳನ್ನು ಅದು ಹತ್ತಿರ ತರುವುದಿಲ್ಲ. ಇದನ್ನು ಯಾರೂ ಹೇಳಲಿಲ್ಲ. ನಾಟಿ ವೈದ್ಯರು ಎಣ್ಣೆ ಕೊಟ್ಟರು, ತಿಕ್ಕಿದೆವು. ಎಣ್ಣೆಯಿಂದ ಗಂಟುಗಳು ಬಿಗಿಯದೆ ಉಳಿದವು, ಅಷ್ಟರ ಮಟ್ಟಿಗೆ ಅವರ ಉಪಕಾರ ದೊಡ್ಡದು. ಅಷ್ಟರಲ್ಲಿ ಮಳೆಗಾಲ ಬಂತು. ಆ ವರ್ಷ ಎಲೆಚುಕ್ಕೆ ರೋಗ ಬಂದು ಅರ್ಧ ಫಸಲು ಹೋಗಿತ್ತು. ಬೆಂಗಳೂರಿಗೆ ಹೋಗುವ ಮಾತು ಮುಂದೆ ಮುಂದೆ ಹೋಯಿತು.

ಆಮೇಲೆ ಒಂದು ಖಾಸಗಿ ಕ್ಲಿನಿಕ್. ಅಲ್ಲಿ "ನರ ಬೆಳೆಸುವ ಗ್ರೋತ್ ಫ್ಯಾಕ್ಟರ್" ಕೊಡುತ್ತೇವೆ ಅಂದರು. ತಮ್ಮನ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಮೇಲಿನ ಹಳದಿ ನೀರನ್ನು ಮೊಣಕೈಗೆ ಚುಚ್ಚಿದರು. ಒಂದು ಸಲಕ್ಕೆ 8,000 ರೂಪಾಯಿ. ಆರು ಸಲಕ್ಕೆ 48,000. ಗೋಡೆಯ ಮೇಲೆ ನರದ ಬಣ್ಣದ ಚಿತ್ರ ಇತ್ತು. ಅದೇ ಚಿತ್ರವನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಒಂದು ಪ್ರಶ್ನೆ ಕೇಳಲು ತೋಚಲಿಲ್ಲ. ಇದರಲ್ಲಿ ನನ್ನ ಪಾಲಿನ ತಪ್ಪು ಎಷ್ಟು ಅಂತ ದಿನಾ ಲೆಕ್ಕ ಹಾಕುತ್ತೇನೆ.

ಗಾಯವಾಗಿ 13 ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಕೈ ಶಸ್ತ್ರಚಿಕಿತ್ಸೆಯ ಡಾಕ್ಟರೊಬ್ಬರನ್ನು ಕಂಡೆವು. ಅವರು ಮೇಜಿನ ಮೇಲಿದ್ದ ಒಂದು ಕಾಗದ ತೆಗೆದು ತಮ್ಮನ ಎರಡು ಬೆರಳುಗಳ ನಡುವೆ ಇಟ್ಟು, "ಬಿಗಿಯಾಗಿ ಹಿಡ್ಕೊಳ್ಳಿ" ಅಂದರು. ಎಳೆದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಅರ್ಧ ನಿಮಿಷ ಆಗಿರಲಿಲ್ಲ, ಅವರಿಗೆ ಗೊತ್ತಾಗಿತ್ತು. ಆಮೇಲೆ ನಡೆದ, ನರದಲ್ಲಿ ಕರೆಂಟ್ ಹರಿಯುತ್ತಾ ಅಂತ ನೋಡುವ ಪರೀಕ್ಷೆಯೂ ಅದನ್ನೇ ಹೇಳಿತು. ಅಲ್ನಾರ್ ನರ ಪೂರ್ತಿ ತುಂಡಾಗಿದೆ. ಮೊಣಕೈ ಎಲ್ಲಾದರೂ ತಗಲಿದರೆ ಕಿರುಬೆರಳವರೆಗೆ ಜುಂ ಅನ್ನುತ್ತದಲ್ಲ, ಅದೇ ನರ. ಅಂಗೈಯ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವು ಅದರ ಆಳ್ವಿಕೆಯಲ್ಲೇ ಇರುವುದು.

"ಮೊದಲ ವಾರದಲ್ಲಿ ಬಂದಿದ್ದರೆ ಹೊಲಿಯಬಹುದಿತ್ತು" ಅಂದರು. "ಆರೇಳು ತಿಂಗಳ ಒಳಗೆ ಬಂದಿದ್ದರೂ ಮಣಿಕಟ್ಟಿನ ಹತ್ತಿರದ ಇನ್ನೊಂದು ನರದ ಕೊಂಬೆ ತಂದು ಕಸಿ ಮಾಡಬಹುದಿತ್ತು. ಈಗ ಅಲ್ಲಿ ಸ್ನಾಯುವೇ ಉಳಿದಿಲ್ಲ."

ಮಾನ್ಯರೇ, ಅವತ್ತಿನಿಂದ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಸಿಕ್ಕಿದ್ದನ್ನೆಲ್ಲ ಓದಿದೆ. ಅದರಲ್ಲಿ ನಿಮಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ.

1850ರಲ್ಲಿ ಅಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ ಕಪ್ಪೆಯ ನಾಲಗೆಯ ನರ ಕತ್ತರಿಸಿ ನೋಡಿದ್ದ. ಕತ್ತರಿಸಿದ ಜಾಗದಿಂದ ಆಚೆಯ ಎಳೆಗಳು ಪೂರ್ತಿ ನಾಶವಾಗುತ್ತವೆ ಎಂದು ತೋರಿಸಿದ. ಮತ್ತೆ ಚಿಗುರುವುದು ಬೆನ್ನುಹುರಿಯ ಕಡೆಯ ತುದಿಯಿಂದ. ಅದು ಬೆಳೆಯುವ ವೇಗ ಸುಮಾರಾಗಿ ದಿನಕ್ಕೆ ಒಂದು ಮಿಲಿಮೀಟರ್. ತಮ್ಮನ ಕೈಯನ್ನು ನಾನು ಟೇಪ್ ಹಿಡಿದು ಅಳೆದೆ. ಮೊಣಕೈ ಗಾಯದಿಂದ ಹೆಬ್ಬೆರಳ ಬುಡದ ಗುಳಿಯವರೆಗೆ 34 ಸೆಂಟಿಮೀಟರ್. ಅಂದರೆ 340 ದಿನ. ಹೊಲಿಗೆ ದಾಟಲು ಒಂದಷ್ಟು ವಾರ ಸೇರಿಸಿಕೊಳ್ಳಿ. ಮೊದಲ ದಿನವೇ ಹೊಲಿದಿದ್ದರೂ ಒಂದು ವರ್ಷದ ದಾರಿ.

ಆ ಕಡೆ ಸ್ನಾಯು ಎಷ್ಟು ದಿನ ಕಾಯುತ್ತದೆ? ಪ್ಲಾಸ್ಟರ್ ಹಾಕಿದ ಕೈಯೂ ಸಣ್ಣಗಾಗುತ್ತದೆ. ಬಿಚ್ಚಿ ಕೆಲಸಕ್ಕೆ ಹಚ್ಚಿದರೆ ತುಂಬಿಕೊಳ್ಳುತ್ತದೆ. ನರ ಕಳೆದುಕೊಂಡ ಸ್ನಾಯುವಿನ ಕಥೆ ಬೇರೆ. ಅದು ತನ್ನ ಪ್ರೋಟೀನನ್ನು ತಾನೇ ಒಡೆದು ಕರಗುತ್ತದೆ. 2001ರಲ್ಲಿ ಈ ಕರಗುವಿಕೆಯ ಹಿಂದಿರುವ ಎರಡು ಜೀನ್‌ಗಳನ್ನು ವಿಜ್ಞಾನಿಗಳು ಗುರುತಿಸಿದರು. ಇಲಿಗಳಲ್ಲಿ ಅವುಗಳಲ್ಲೊಂದನ್ನು ತೆಗೆದುಹಾಕಿದರೆ, ನರ ಕತ್ತರಿಸಿದರೂ ಸ್ನಾಯು ಕಡಿಮೆ ಕರಗುತ್ತದೆ. ಇಲಿಗಳಲ್ಲಿ ಮಾತ್ರ. ಮನುಷ್ಯರಲ್ಲಿ ವರ್ಷ, ಒಂದೂವರೆ ವರ್ಷ ಕಳೆಯುವ ಹೊತ್ತಿಗೆ ನರ ಬಂದು ಕೂಡುವ ಜಾಗವೇ ಹಾಳಾಗಿರುತ್ತದೆ. ಸ್ನಾಯು ಇದ್ದಲ್ಲಿ ನಾರು, ಕೊಬ್ಬು ತುಂಬಿಕೊಳ್ಳುತ್ತದೆ. ಆಮೇಲೆ ನರ ಬಂದರೂ ಅಷ್ಟೇ, ಸತ್ತ ಮರದ ಬುಡಕ್ಕೆ ನೀರು ಬಿಟ್ಟ ಹಾಗೆ.

ಈಗ ಆ 48,000 ರೂಪಾಯಿಯ ಮಾತು. ನರ ಬೆಳೆಸುವ ಅಂಶ ಅನ್ನುವುದು ಸುಳ್ಳಲ್ಲ. ಅದರ ಕಥೆ ನನ್ನ ಮಕ್ಕಳಿಗೆ, ಅಂದರೆ ನನ್ನ ಶಾಲೆಯ ಮಕ್ಕಳಿಗೆ, ಹೇಳಲಿಲ್ಲವಲ್ಲ ಅಂತ ಬೇಜಾರಾಗುವಷ್ಟು ಚೆನ್ನಾಗಿದೆ. ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಯಹೂದಿ ಎಂಬ ಕಾರಣಕ್ಕೆ ಮುಸೊಲಿನಿಯ 1938ರ ಕಾನೂನು ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿತು. ಅವರು ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆ ಇಟ್ಟುಕೊಂಡು, ಭ್ರೂಣದ ನರಗಳು ಹೇಗೆ ಬೆಳೆಯುತ್ತವೆ ಅಂತ ನೋಡುತ್ತಾ ಕೂತರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ, 1950ರ ದಶಕದಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆಗೂಡಿ ನರ್ವ್ ಗ್ರೋತ್ ಫ್ಯಾಕ್ಟರ್ (ಎನ್‌ಜಿಎಫ್) ಎಂಬ ಪ್ರೋಟೀನನ್ನು ಬೇರ್ಪಡಿಸಿದರು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆದರೆ ಕ್ಲಿನಿಕ್ಕಿನವರು ಹೇಳದೆ ಬಿಟ್ಟದ್ದು ಇಲ್ಲಿದೆ. ಆ ಪ್ರೋಟೀನ್ ಪೋಷಿಸುವುದು ಮುಖ್ಯವಾಗಿ ನೋವು, ಬಿಸಿ-ತಣ್ಣಗೆ ತಿಳಿಸುವ ನರಗಳನ್ನು. ಸ್ನಾಯು ಆಡಿಸುವ ನರಗಳಿಗೆ ಇಂಥವೇ ಬೇರೆ ಪ್ರೋಟೀನ್‌ಗಳು ಬೇಕು. ಅವುಗಳ ಹೆಸರು ಬಿಡಿಎನ್ಎಫ್, ಜಿಡಿಎನ್ಎಫ್, ಸಿಎನ್‌ಟಿಎಫ್ ಅಂತೆಲ್ಲ ಇವೆ. 1990ರ ದಶಕದಲ್ಲಿ ನರ ಕತ್ತರಿಸಿದ ಇಲಿಗಳಿಗೆ ಸಿಎನ್‌ಟಿಎಫ್ ಚುಚ್ಚಿದಾಗ ಸ್ನಾಯು ಕರಗುವುದು ಕಡಿಮೆಯಾಯಿತು. ಎಲ್ಲರಿಗೂ ಆಸೆ ಹುಟ್ಟಿತು. ಸ್ನಾಯು ಸೊರಗುವ ಎಎಲ್ಎಸ್ ಕಾಯಿಲೆಯವರಿಗೆ ಕೊಟ್ಟು ನೋಡಿದರು. ಹಸಿವು ಸತ್ತು ತೂಕ ಇಳಿಯಿತು, ಕೆಮ್ಮು ಬಂತು, ಕಾಯಿಲೆ ನಿಲ್ಲಲಿಲ್ಲ. ನರ್ವ್ ಗ್ರೋತ್ ಫ್ಯಾಕ್ಟರನ್ನೇ ಸಕ್ಕರೆ ಕಾಯಿಲೆಯಿಂದ ನರ ಕೆಟ್ಟ ಸಾವಿರಕ್ಕೂ ಜಾಸ್ತಿ ಜನರ ಮೇಲೆ ಪರೀಕ್ಷಿಸಿದರು. ಅದೂ ಗೆಲ್ಲಲಿಲ್ಲ, ಚುಚ್ಚಿದ ಜಾಗದ ನೋವೊಂದು ಉಳಿಯಿತು. ಕೊನೆಗೆ 2018ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಕಣ್ಣಿನ ಹನಿಯಾಗಿ, ಕಾರ್ನಿಯಾದ ನರ ಕೆಟ್ಟ ಒಂದು ಅಪರೂಪದ ತೊಂದರೆಗೆ. ಮೊಣಕೈಗಲ್ಲ.

ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಪ್ರಾಣಿಗಳ ಗಾಯದ ಹತ್ತಿರ ಜಿಡಿಎನ್ಎಫ್ ವಿಪರೀತ ಉತ್ಪತ್ತಿಯಾಗುವಂತೆ ಮಾಡಿದರೆ, ಬೆಳೆಯುವ ನರದ ಎಳೆಗಳು ಮುಂದಕ್ಕೆ ಹೋಗದೆ ಅಲ್ಲೇ ಸುರುಳಿ ಸುತ್ತಿಕೊಳ್ಳುತ್ತವೆ. ಹುಲ್ಲುಬಣವೆ ಕಂಡ ದನ ಕೊಟ್ಟಿಗೆ ಮರೆತು ಅಲ್ಲೇ ನಿಲ್ಲುತ್ತದಲ್ಲ, ಹಾಗೆ. ಎಷ್ಟು ಕೊಡಬೇಕು, ಎಲ್ಲಿ, ಯಾವಾಗ ನಿಲ್ಲಿಸಬೇಕು ಎಂಬ ಪ್ರಶ್ನೆಗಳಿಗೆ ಲ್ಯಾಬಿನಲ್ಲೇ ಇನ್ನೂ ಹುಡುಕಾಟ ನಡೆದಿದೆ. ನಮ್ಮೂರ ಹತ್ತಿರದ ಕ್ಲಿನಿಕ್ಕಿಗೆ ಮಾತ್ರ ಉತ್ತರ ಸಿಕ್ಕಿಬಿಟ್ಟಿದೆ, ದರ ಸಮೇತ.

ಇಷ್ಟೆಲ್ಲ ಓದಿದಾಗ ನನ್ನ ಹೊಟ್ಟೆ ಉರಿದದ್ದು ಯಾವುದಕ್ಕೆ ಗೊತ್ತಾ? ಇದೇ ಅಂಶಗಳು ನಮ್ಮ ಮೈಯಲ್ಲೇ ತಯಾರಾಗುತ್ತವೆ. ನರ ತುಂಡಾದ ಕೂಡಲೇ ಆಚೆಯ ಖಾಲಿ ಕೊಳವೆಯಲ್ಲಿರುವ ಶ್ವಾನ್ ಜೀವಕೋಶಗಳು, ಅಂದರೆ ನರದ ಎಳೆಗೆ ಹೊದಿಕೆಯಾಗಿರುವ ಕೋಶಗಳು, ಕೆಲಸ ಶುರು ಮಾಡುತ್ತವೆ. ಹಳೆ ಕಸ ತೆಗೆಯುತ್ತವೆ, ಬರುವ ಎಳೆಗೆ ಸಾಲು ಕಟ್ಟುತ್ತವೆ, ಎನ್‌ಜಿಎಫ್, ಬಿಡಿಎನ್ಎಫ್, ಜಿಡಿಎನ್ಎಫ್ ಸುರಿಸುತ್ತವೆ. ಬಿಟ್ಟಿ ಔಷಧಿ. ಆದರೆ ಕೆಲವು ತಿಂಗಳು ಮಾತ್ರ. ಎಳೆ ಬರದೇ ಹೋದರೆ ಅವೂ ಸೋಲುತ್ತವೆ, ಸುರಿಸುವುದು ಕಡಿಮೆಯಾಗುತ್ತದೆ, ದಾರಿ ಮುಚ್ಚುತ್ತದೆ. ತುದಿಗಳನ್ನು ಹೊಲಿದು ಕೊಟ್ಟಿದ್ದರೆ ಈ ಬಿಟ್ಟಿ ಔಷಧಿ ತಮ್ಮನ ಕೈಯಲ್ಲಿ ಕೆಲಸ ಮಾಡುತ್ತಿತ್ತು. ಆ ತಿಂಗಳುಗಳಲ್ಲಿ ನಾವು ಊತ ಇಳಿಯಲಿ ಅಂತ ಕಾದೆವು. ಆ ಬಿಟ್ಟಿ ಔಷಧಿ ಒಣಗಿದ ಮೇಲೆ ದುಡ್ಡು ಕೊಟ್ಟು ಚುಚ್ಚಿಸಿದೆವು.

ಆರೋಗ್ಯಾಧಿಕಾರಿಗಳೇ, ಈಗ ನಿಮ್ಮಲ್ಲಿ ನನ್ನ ಬೇಡಿಕೆ. ದೊಡ್ಡ ಯಂತ್ರ, ಹೊಸ ಕಟ್ಟಡ ಕೇಳುತ್ತಿಲ್ಲ. ಕೈಕಾಲಿನ ಯಾವ ಗಾಯಕ್ಕೂ ಹೊಲಿಗೆ ಹಾಕುವ ಮೊದಲು, ಮರಗಟ್ಟಿಸುವ ಇಂಜೆಕ್ಷನ್ ಕೊಡುವುದಕ್ಕೂ ಮೊದಲು, ನರ ನೋಡಬೇಕು ಅಂತ ಜಿಲ್ಲೆಯ ಎಲ್ಲ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಹೊರಡಿಸಿ. ನೋಡಿದ್ದನ್ನು ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಲಿ. ಕಿರುಬೆರಳ ತುದಿಯಲ್ಲಿ ಮುಟ್ಟಿದ್ದು ತಿಳಿಯುತ್ತಾ? ತೋರುಬೆರಳ ತುದಿಯಲ್ಲಿ? ಬೆರಳು ಅಗಲಿಸಲು ಆಗುತ್ತಾ? ಮಣಿಕಟ್ಟು ಮೇಲೆತ್ತಲು? ಕಾಲಾದರೆ, ಪಾದ ಮೇಲಕ್ಕೆ ಬರುತ್ತಾ? ಎರಡು ನಿಮಿಷದ ಕೆಲಸ. ಹೊರಗೆ ಎಷ್ಟೇ ಜನ ನಿಂತಿದ್ದರೂ ಎರಡು ನಿಮಿಷ ಸಿಗುತ್ತದೆ, ಅಲ್ವಾ?

ಕತ್ತಿಯೋ ಗಾಜೋ ಕೊಯ್ದ ಗಾಯದಲ್ಲಿ ಬೆರಳು ಮರಗಟ್ಟಿದ್ದರೆ ಕಾಯುವ ಮಾತೇ ಬೇಡ. ಕೆಲವೇ ದಿನಗಳಲ್ಲಿ ಗಾಯ ಬಿಡಿಸಿ ನರ ನೋಡುವ ಡಾಕ್ಟರ ಹತ್ತಿರ ಕಳಿಸಬೇಕು. ಬಿದ್ದ ಪೆಟ್ಟು, ಎಳೆತದ ಪೆಟ್ಟು ಬೇರೆ. ಅಲ್ಲಿ ನರ ತಾನಾಗಿ ಚೇತರಿಸಿಕೊಳ್ಳುವುದೂ ಉಂಟು, ಹಾಗಾಗಿ ಕಾದು ನೋಡುವುದು ಸರಿ. ಆದರೆ ಎಲ್ಲಿಯವರೆಗೆ ಕಾಯಬೇಕು ಅಂತ ತಾರೀಕು ಹಾಕಿಕೊಡಿ. ನರದ ಕರೆಂಟ್ ಪರೀಕ್ಷೆ ಗಾಯವಾದ ಮೂರ್ನಾಲ್ಕು ವಾರದ ಮೇಲೆ ಸರಿಯಾದ ಉತ್ತರ ಕೊಡುತ್ತದೆ. ಹೊಸನಗರ, ಸಾಗರ, ತೀರ್ಥಹಳ್ಳಿ, ಸೊರಬದವರಿಗೆ ತಿಂಗಳಿಗೊಂದು ದಿನವಾದರೂ ಆ ಪರೀಕ್ಷೆ ತಾಲ್ಲೂಕು ಮಟ್ಟದಲ್ಲೇ ಸಿಗುವ ಹಾಗೆ ಮಾಡಿ. ಸರ್ಕಾರಿ ಆರೋಗ್ಯ ಕಾರ್ಡ್ ಹಿಡಿದವರು ನರ ಜೋಡಣೆಗೆ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಬಾಗಿಲಲ್ಲಿ ಬರೆದು ಹಾಕಿ.

ಗ್ರೋತ್ ಫ್ಯಾಕ್ಟರ್ ಮಾರುವವರ ಬಗ್ಗೆಯೂ ಒಂದು ಮಾತು. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕು ಅಂತ ರಾಜ್ಯದಲ್ಲಿ 2007ರ ಕಾಯ್ದೆಯೇ ಇದೆ. ದರದ ಪಕ್ಕದಲ್ಲಿ, ತುಂಡಾದ ನರಕ್ಕೆ ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಏನು ಆಧಾರ ಅಂತಲೂ ನಿಮ್ಮ ತಪಾಸಣೆಯವರು ಕೇಳಲಿ.

ಜನರಿಗೆ ತಿಳಿಸುವುದು ಕಷ್ಟ ಅನ್ನಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡದ್ದು ಈ ಜಿಲ್ಲೆಯಲ್ಲೇ. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು ಅದನ್ನು ಹರಡುವ ಉಣ್ಣೆ ಕಚ್ಚದಿರಲಿ ಅಂತ ಮನೆ ಮನೆಗೆ ಎಣ್ಣೆ ಕೊಟ್ಟು, ಕಾಡಿಗೆ ಹೋಗುವ ಮೊದಲು ಹಚ್ಚಿಕೊಳ್ಳಿ ಅಂತ ಹೇಳುತ್ತಾರೆ. ಮಂಗ ಸತ್ತರೆ ಯಾರಿಗೆ ಫೋನ್ ಮಾಡಬೇಕು ಅಂತ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಬೆರಳು ಸತ್ತರೆ ಎಲ್ಲಿಗೆ ಹೋಗಬೇಕು ಅಂತ ಹೇಳಲು ಅದೇ ಆಶಾ ಅಕ್ಕಂದಿರು ಸಾಕು.

ಸಂಘದ ಅಧ್ಯಕ್ಷರೇ, ನಿರ್ದೇಶಕರೇ, ನಿಮ್ಮ ಹತ್ತಿರ ಮಾತು ಇನ್ನೂ ನೇರವಾಗಿ ಆಡಬಹುದು, ನಾವೆಲ್ಲ ಒಂದೇ ಊರಿನವರು. ಅಡಿಕೆ ರೇಟು ಬಿದ್ದರೆ ನಿಮ್ಮ ನಿಯೋಗ ಬೆಂಗಳೂರಿಗೆ ಹೋಗುತ್ತದೆ, ಡೆಲ್ಲಿಗೂ ಹೋಗುತ್ತದೆ. ಮರದಿಂದ ಮನುಷ್ಯ ಬಿದ್ದರೆ ತೋಟದ ಯಜಮಾನ ಒಬ್ಬನೇ ಜೀಪು ಹುಡುಕುತ್ತಾನೆ. ಕೊನೆ ಕೊಯ್ಲು ಶುರುವಾಗುವ ಮೊದಲು ಸಂಘದಲ್ಲಿ ಒಂದು ಫಲಕ ಹಾಕಿ: ಕತ್ತಿ ತಗಲಿ ಬೆರಳು ಮರಗಟ್ಟಿದರೆ ವಾರದೊಳಗೆ ಕೈ ಡಾಕ್ಟರನ್ನು ನೋಡಿ. ಮರ ಹತ್ತುವವರಿಗೂ ಔಷಧಿ ಹೊಡೆಯುವವರಿಗೂ ಸಂಘದ ಲೆಕ್ಕದಲ್ಲಿ ಅಪಘಾತ ವಿಮೆ ಮಾಡಿಸಿ. ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಬರುವ ಖರ್ಚಿಗೆ ಒಂದು ಸಣ್ಣ ಕೈಗಡ ಇಟ್ಟಿರಿ. ನಮ್ಮ ಮನೆಯಲ್ಲಿ ತಿಂಗಳುಗಳು ಕಳೆದದ್ದು ಆ ಖರ್ಚಿಗೆ ಹೆದರಿಯೇ.

ತಮ್ಮನ ಸುದ್ದಿ ಹೇಳಿಬಿಡುತ್ತೇನೆ. ಡಾಕ್ಟರು ನರ ಬಿಟ್ಟು ಸ್ನಾಯುರಜ್ಜು ಬದಲಿಸುವ ಆಪರೇಷನ್ ಮಾಡಿದರು. ಚೆನ್ನಾಗಿರುವ ಒಂದು ಸ್ನಾಯುವಿನ ರಜ್ಜುವನ್ನು ತಿರುಗಿಸಿ ಸೋತ ಬೆರಳಿಗೆ ಕಟ್ಟುವುದು. ಕುಷ್ಠರೋಗದಿಂದ ಕೈ ಮಡಚಿಹೋದವರಿಗೆ 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಶುರು ಮಾಡಿದ ಕೆಲಸದ ದಾರಿಯೇ ಇದು. ಎಣ್ಣೆ ತಿಕ್ಕಿ ಗಂಟುಗಳು ಸಡಿಲ ಉಳಿದಿದ್ದರಿಂದ ಆಪರೇಷನ್ನಿಗೆ ಅನುಕೂಲವಾಯಿತಂತೆ. ಈಗ ಲೋಟ ಹಿಡಿಯುತ್ತಾನೆ. ಅನ್ನ ಸೋರುವುದಿಲ್ಲ. ಕಿರುಬೆರಳಿಗೆ ಒಲೆಯ ಬಿಸಿ ತಿಳಿಯುವುದಿಲ್ಲ, ಎರಡು ಸಲ ಸುಟ್ಟುಕೊಂಡಿದ್ದಾನೆ. ಮರ ಹತ್ತುವುದು ನಿಂತಿತು. ಎಡಗೈಯಲ್ಲಿ ಅಡಿಕೆ ಸುಲಿಯಲು ಕಲಿಯುತ್ತಿದ್ದಾನೆ, ನಿಧಾನ.

ಸೆಪ್ಟೆಂಬರಿನಲ್ಲಿ ನಿಮ್ಮ ಸಂಘಗಳ ಮಹಾಸಭೆಗಳು ಇರುತ್ತವೆ. ಲಾಭಾಂಶದ ಚರ್ಚೆ ಶುರುವಾಗುವ ಮೊದಲು ನನಗೆ ಹತ್ತು ನಿಮಿಷ ಕೊಡಿ. ಯಾವ ಊರಾದರೂ ಬಸ್ಸಿಗೆ ಬರುತ್ತೇನೆ. ಪ್ರೊಜೆಕ್ಟರ್ ಬೇಡ, ಮೈಕೂ ಬೇಡ, 29 ವರ್ಷ ಕೂಗಿದ ಗಂಟಲಿದೆ. ಬಂದವರ ಕೈಗೆಲ್ಲ ಒಂದೊಂದು ಕಾಗದದ ಚೂರು ಕೊಟ್ಟರೆ ಸಾಕು. ತಮ್ಮನೂ ಬರುತ್ತೇನೆ ಅಂದಿದ್ದಾನೆ.

ವಂದನೆಗಳೊಂದಿಗೆ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ